ಕುಲಪತಿಗೊಂದು ಹೂಮರ, ಮರಕ್ಕೊಂದು ದತ್ತಿ

ಕುಲಪತಿಯೊಬ್ಬರು ಅಧಿಕಾರ ಬಿಟ್ಟು ಮನೆಗೆ ಹೊರಡುವ ಸಂಜೆ ಅವರ ಕಾರಿನ ಡಿಕ್ಕಿಯಲ್ಲಿ ಏನೇನು ಇರುತ್ತದೆಂದು ನಮ್ಮ ಬೀಳ್ಕೊಡುಗೆ ಸಮಾರಂಭಗಳನ್ನು ಕಂಡವರಿಗೆಲ್ಲ ಗೊತ್ತು. ಹತ್ತಿಪ್ಪತ್ತು ಶಾಲು, ಎರಡು ಮೂರು ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿಟ್ಟ ಸ್ಮರಣಿಕೆಗಳು, ಚೌಕಟ್ಟು ಹಾಕಿಸಿದ ಅಭಿನಂದನಾ ಪತ್ರ. ಹಿಂದಿನ ಸೀಟಿನ ತುಂಬ ಹೂಗುಚ್ಛ. ಶಾಲುಗಳು ನೆಂಟರಿಷ್ಟರ ಮನೆ ಸೇರುತ್ತವೆ. ಹಣ್ಣು ಅಕ್ಕಪಕ್ಕದವರಿಗೆ ಹಂಚಿಹೋಗುತ್ತದೆ. ಹೂಗುಚ್ಛ ಮೂರನೆಯ ದಿನಕ್ಕೆ ತಲೆ ಬಾಗಿಸುತ್ತದೆ. ಕೊಟ್ಟವರ ಪ್ರೀತಿ ನಿಜವಾದದ್ದೇ. ಆದರೆ ಅವರು ವರ್ಷಗಟ್ಟಲೆ ದುಡಿದ ಕ್ಯಾಂಪಸ್ಸಿನಲ್ಲಿ ಆ ಪ್ರೀತಿಯ ಗುರುತು ಎಲ್ಲಿದೆ ಎಂದು ಹುಡುಕಿದರೆ, ಸಿಂಡಿಕೇಟ್ ಸಭಾಂಗಣದ ಗೋಡೆಯಲ್ಲಿ ಸಾಲಾಗಿ ತೂಗುಹಾಕಿದ ಭಾವಚಿತ್ರಗಳ ಕೊನೆಯದೊಂದು ಸಿಕ್ಕೀತು, ಅಷ್ಟೆ. ಆ ಕೋಣೆಯ ಬಾಗಿಲು ವಿದ್ಯಾರ್ಥಿಗಳಿಗೆ ತೆರೆಯುವುದು ಅಪರೂಪ.

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಬೇರೊಂದು ರೂಢಿಯೂ ಇದೆ. ಹೊರಡುವ ಮುಖ್ಯಸ್ಥರ ಸಹೋದ್ಯೋಗಿಗಳು, ಹಳೆಯ ವಿದ್ಯಾರ್ಥಿಗಳು, ಸ್ನೇಹಿತರು ಸೇರಿ ಹಣ ಕೂಡಿಸುತ್ತಾರೆ. ವಿಶ್ವವಿದ್ಯಾಲಯದ ವೃಕ್ಷೋದ್ಯಾನಕ್ಕೋ ಕ್ಯಾಂಪಸ್ಸಿನ ತೋಟದ ವಿಭಾಗಕ್ಕೋ ಅದನ್ನು ಒಪ್ಪಿಸುತ್ತಾರೆ. ಅವರ ಹೆಸರಿನಲ್ಲಿ ಒಂದು ಅಲಂಕಾರದ ಮರ ನೆಲ ಸೇರುತ್ತದೆ. ಬುಡದಲ್ಲಿ ಅಂಗೈಯಗಲದ ಒಂದು ಫಲಕ. ನಾನು ಕಂಡು ಕೇಳಿದ ಬೀಳ್ಕೊಡುಗೆಗಳಲ್ಲಿ ಇದಕ್ಕಿಂತ ಯೋಗ್ಯವಾದದ್ದು ಇನ್ನೊಂದಿಲ್ಲ. ನಮ್ಮ ವಿಶ್ವವಿದ್ಯಾಲಯಗಳೂ ಇದನ್ನು ಕೈಗೆತ್ತಿಕೊಳ್ಳಬೇಕು. ಹಾಗೆ ಎತ್ತಿಕೊಳ್ಳುವಾಗ ಗುಂಡಿ ತೋಡಿ ಫೋಟೊ ತೆಗೆಸಿಕೊಳ್ಳುವ ಭಾಗವನ್ನಷ್ಟೇ ತರದೆ, ಹಣ ಎಲ್ಲಿಗೆ ಹೋಗುತ್ತದೆ ಎಂಬ ಭಾಗವನ್ನೂ ತರಬೇಕು. ಈ ಲೇಖನದ ಕಾಳಜಿ ಇಷ್ಟೇ.

ಹೂ ಬಾಡುವುದನ್ನು ಓದಿದ ಕುಲಪತಿ

ನಾರ್ತ್ ಕ್ಯಾರೊಲಿನಾ ರಾಜ್ಯದ ರಾಲಿ ನಗರದಲ್ಲಿ ನಾರ್ತ್ ಕ್ಯಾರೊಲಿನಾ ಸ್ಟೇಟ್ ಯೂನಿವರ್ಸಿಟಿ ಇದೆ. 1887ರಲ್ಲಿ ಹುಟ್ಟಿದ ಸಂಸ್ಥೆ. ಕೃಷಿ ಮತ್ತು ತಂತ್ರವಿದ್ಯೆಯನ್ನು ಸಾಮಾನ್ಯರ ಮಕ್ಕಳಿಗೆ ಕಲಿಸಲೆಂದು ಸರ್ಕಾರ ಭೂಮಿ ಕೊಟ್ಟು ಬೆಳೆಸಿದ, ಅಮೆರಿಕದವರು ‘ಲ್ಯಾಂಡ್ ಗ್ರಾಂಟ್’ ಎಂದು ಕರೆಯುವ ವಿಶ್ವವಿದ್ಯಾಲಯಗಳ ಸಾಲಿಗೆ ಅದು ಸೇರುತ್ತದೆ. ಅಲ್ಲಿ ಆಡಳಿತದ ಮುಖ್ಯಸ್ಥರನ್ನು ಚಾನ್ಸಲರ್ ಎನ್ನುತ್ತಾರೆ. ನಮ್ಮಲ್ಲಿ ಕುಲಪತಿ ಮಾಡುವ ಕೆಲಸ ಅವರದು. 2010ರ ಏಪ್ರಿಲ್‌ನಲ್ಲಿ ಆ ಹುದ್ದೆಗೆ ಬಂದ ರ‍್ಯಾಂಡಿ ವುಡ್ಸನ್ 2025ರಲ್ಲಿ ನಿವೃತ್ತರಾದರು. ಹದಿನೈದು ವರ್ಷ ಒಂದೇ ಕುರ್ಚಿಯಲ್ಲಿ. ನಾಲ್ಕು ವರ್ಷದ ಅವಧಿ ಮುಗಿಸಿ ಹೊರಡುವ ನಮ್ಮ ಕುಲಪತಿಗಳಿಗೆ ಇದು ಊಹೆಗೂ ಮೀರಿದ ಕಾಲ.

ವುಡ್ಸನ್ ಮೂಲತಃ ತೋಟಗಾರಿಕೆಯ ಮನುಷ್ಯ. ಕಾರ್ನೆಲ್‌ನಲ್ಲಿ ಸಸ್ಯ ಶರೀರಕ್ರಿಯೆ ಓದಿ, ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ತೋಟಗಾರಿಕೆ ಕಲಿಸಿ, ಅಲ್ಲೇ ಕೃಷಿ ನಿಕಾಯದ ಡೀನ್ ಆಗಿ, ಪ್ರೊವೋಸ್ಟ್ ಆಗಿ ಆಮೇಲೆ ರಾಲಿಗೆ ಬಂದವರು. ಅವರ ಸಂಶೋಧನೆಯ ವಿಷಯ ಕಾರ್ನೇಶನ್ ಹೂವು ಬಾಡುವ ಬಗೆ. ಬೀಳ್ಕೊಡುಗೆಯ ಹೂಗುಚ್ಛಗಳಲ್ಲಿ ಗುಲಾಬಿ, ಜರ್ಬೆರಾಗಳ ನಡುವೆ ಅಂಚು ಕತ್ತರಿಸಿದಂತಿರುವ ದಳಗಳ ಹೂವೊಂದು ಕಾಣುತ್ತದಲ್ಲ, ಅದೇ ಕಾರ್ನೇಶನ್. ಬೆಂಗಳೂರಿನ ಸುತ್ತಲ ಪಾಲಿಹೌಸುಗಳಲ್ಲೂ ನೀಲಗಿರಿಯಲ್ಲೂ ಇದನ್ನು ಬೆಳೆಯುತ್ತಾರೆ.

ಹೂ ಬಾಡುವುದೆಂದರೆ ನೀರು ಒಣಗುವುದು ಎಂದು ನಾವು ತಿಳಿದಿರುತ್ತೇವೆ. ಕಾರ್ನೇಶನ್ನಿನ ಕಥೆ ಅದಕ್ಕಿಂತ ಆಳದ್ದು. ಪರಾಗ ಬಿದ್ದ ಮೇಲೆ, ಅಥವಾ ವಯಸ್ಸಾದ ಮೇಲೆ, ಹೂವು ತಾನೇ ಎಥಿಲೀನ್ ಎಂಬ ಅನಿಲವನ್ನು ಹುಟ್ಟಿಸುತ್ತದೆ. ಸ್ವಲ್ಪ ಎಥಿಲೀನ್ ಇನ್ನಷ್ಟು ಎಥಿಲೀನ್ ಹುಟ್ಟಲು ಕಾರಣವಾಗುತ್ತದೆ. ಅಲ್ಲಿಯವರೆಗೆ ಸುಮ್ಮನಿದ್ದ ಕೆಲವು ಜೀನುಗಳು ದಳದೊಳಗೆ ಕೆಲಸ ಶುರು ಮಾಡುತ್ತವೆ, ದಳ ಒಳಮುಖವಾಗಿ ಸುರುಟಿಕೊಳ್ಳುತ್ತದೆ. ಬಾಡುವುದು ಹೂವು ಮಾಡುವ ಕೊನೆಯ ದುಡಿಮೆ. ದಳದಲ್ಲಿದ್ದ ಸಾರವನ್ನು ಬೀಜಕೋಶದ ಕಡೆಗೆ ಸಾಗಿಸುವ ಕಾಲ ಅದು. ವುಡ್ಸನ್ ಮತ್ತು ಜೊತೆಯವರು 1980ರ ದಶಕದ ಕೊನೆಯಲ್ಲಿ ಆ ಜೀನುಗಳನ್ನು ಬೇರ್ಪಡಿಸಿ ತೋರಿಸಿದರು. ಮಾವಿನಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿಟ್ಟು ಹಣ್ಣು ಮಾಡುವಾಗ ಕೆಲಸ ಮಾಡುವುದೂ ಇದೇ ಎಥಿಲೀನ್. ಹಾಗಾಗಿಯೇ ತಿಳಿದ ಹೂವಿನ ವ್ಯಾಪಾರಿ ಕಾರ್ನೇಶನ್ ಕಟ್ಟುಗಳನ್ನು ಬಾಳೆಹಣ್ಣಿನ ಗೊನೆಯ ಪಕ್ಕ ಇಡುವುದಿಲ್ಲ. ವೇದಿಕೆಯ ಮೇಲೆ ಹಣ್ಣಿನ ಬುಟ್ಟಿಯನ್ನೂ ಹೂಗುಚ್ಛವನ್ನೂ ಒಂದೇ ಮೇಜಿನಲ್ಲಿ ಒತ್ತೊತ್ತಿ ಇಡುವ ಸಂಘಟಕರು ಇದನ್ನು ನೆನಪಿಡುವುದು ಒಳ್ಳೆಯದು.

ಹೂವು ಯಾಕೆ ಬಾಡುತ್ತದೆಂದು ಬದುಕಿನ ಒಂದು ಭಾಗವನ್ನೇ ಕೊಟ್ಟು ಓದಿದವರಿಗೆ ಹೂಗುಚ್ಛ ಕೊಟ್ಟು ಕಳುಹಿಸುವುದಾದರೂ ಹೇಗೆ? ಇಂಥವರ ಹೆಸರಿನಲ್ಲಿ ನೆಡಲು ಯಾವ ಮರ ಒಪ್ಪುತ್ತದೆ ಎಂದು ನನ್ನನ್ನು ಕೇಳಿದರೆ, ಉತ್ತರ ಅದೇ ವಿಶ್ವವಿದ್ಯಾಲಯದ ತೋಟದಲ್ಲಿ ಬೆಳೆದು ನಿಂತಿದೆ ಎನ್ನುತ್ತೇನೆ.

ರಾಲಿಯ ತೋಟ

1975ರಲ್ಲಿ ಆ ವಿಶ್ವವಿದ್ಯಾಲಯಕ್ಕೆ ಜೆ.ಸಿ. ರಾಲ್‌ಸ್ಟನ್ ಎಂಬ ಪ್ರಾಧ್ಯಾಪಕರು ಬಂದರು. ಮರುವರ್ಷವೇ ನಗರದ ಒಂದು ಬದಿಯಲ್ಲಿ, ಹತ್ತು ಎಕರೆ ಚಿಲ್ಲರೆ ಜಾಗದಲ್ಲಿ, ವೃಕ್ಷೋದ್ಯಾನ ಶುರು ಮಾಡಿದರು. ಜಗತ್ತಿನ ಬೇರೆ ಬೇರೆ ಕಡೆಯಿಂದ ಗಿಡ ತರಿಸುವುದು, ರಾಲಿಯ ಬೇಸಿಗೆ ಚಳಿ ಎರಡನ್ನೂ ಅದು ತಡೆಯುತ್ತದೆಯೇ ಎಂದು ನೋಡುವುದು, ತಡೆದರೆ ಕಡ್ಡಿ ಕತ್ತರಿಸಿ ನರ್ಸರಿಯವರಿಗೆ ಹಂಚುವುದು ಅವರ ಕ್ರಮ. ಒಳ್ಳೆಯ ಗಿಡ ತೋಟದ ಬೇಲಿಯೊಳಗೆ ಉಳಿದರೆ ಅದು ಗೆದ್ದಂತಲ್ಲ, ಊರಿನ ಅಂಗಳಗಳಿಗೆ ಹೋಗಬೇಕು ಎಂದು ನಂಬಿದ್ದ ಮೇಷ್ಟ್ರು. 1996ರ ಡಿಸೆಂಬರ್‌ನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ತೋಟಕ್ಕೆ ಅವರ ಹೆಸರನ್ನೇ ಇಟ್ಟರು. ಇವತ್ತು ಅಲ್ಲಿಗೆ ಯಾರು ಬೇಕಾದರೂ ಟಿಕೆಟ್ಟಿಲ್ಲದೆ ಹೋಗಬಹುದು.

ಆ ತೋಟದ ಹೆಮ್ಮೆಗಳಲ್ಲಿ ಒಂದು ರೆಡ್‌ಬಡ್ ಮರಗಳ ಸಂಗ್ರಹ. ರೆಡ್‌ಬಡ್ ಅಮೆರಿಕದ ಪೂರ್ವ ಭಾಗದ ಕಾಡಿನಂಚಿನ ಮರ. ಇಪ್ಪತ್ತು ಮೂವತ್ತು ಅಡಿಗಿಂತ ಎತ್ತರ ಹೋಗುವುದು ಕಡಿಮೆ. ಚಳಿಗಾಲ ಕಳೆದು ಮಾರ್ಚ್ ಬರುವಾಗ, ಇನ್ನೂ ಒಂದು ಎಲೆಯೂ ಮೂಡದಿರುವಾಗ, ಬರಿಗೊಂಬೆಗಳಿಗೆ ಅಂಟಿಕೊಂಡು ನೇರಳೆಗೆಂಪು ಹೂ ಬಿಡುತ್ತದೆ. ತೊಟ್ಟು ಎಂಬುದೇ ಇಲ್ಲವೇನೋ ಅನ್ನಿಸುವಷ್ಟು ಅಂಟಿಕೊಂಡಿರುತ್ತದೆ. ಹಲಸು ಕಾಯಿ ಕಚ್ಚುವ ಹಾಗೆ ಇದು ದಪ್ಪ ಕಾಂಡದ ತೊಗಟೆಯಿಂದಲೂ ಹೂ ಹೊಮ್ಮಿಸುತ್ತದೆ. ಆಮೇಲೆ ಹೃದಯದ ಆಕಾರದ ಎಲೆ, ಅವರೆಯಂಥ ಚಪ್ಪಟೆ ಕಾಯಿ. ಅದೇ ವಿಶ್ವವಿದ್ಯಾಲಯದ ಡೆನ್ನಿಸ್ ವರ್ನರ್ ಎಂಬ ತಳಿವಿಜ್ಞಾನಿ ಮೊದಲು ಪೀಚ್ ಹಣ್ಣಿನ ತಳಿಗಳ ಮೇಲೆ ಕೆಲಸ ಮಾಡುತ್ತಿದ್ದವರು ಆಮೇಲೆ ಈ ಮರದ ಕಡೆ ತಿರುಗಿದರು. ಕೊಂಬೆ ಕೆಳಗೆ ಇಳಿಬೀಳುವ, ಎಲೆ ದ್ರಾಕ್ಷಾರಸದ ಬಣ್ಣದ ‘ರೂಬಿ ಫಾಲ್ಸ್’, ಹೊಳಪಿನ ಕಡುನೇರಳೆ ಎಲೆಯ ‘ಮೆರ್ಲೋ’, ಚಿಗುರು ಕೆಂಪಾಗಿ ಮೂಡಿ ಕಿತ್ತಳೆ, ಹಳದಿಗೆ ತಿರುಗುತ್ತ ಹಸಿರಾಗುವ ‘ಫ್ಲೇಮ್ ಥ್ರೋವರ್’ ಅವರ ಕೈಯಲ್ಲಿ ಬಂದ ತಳಿಗಳು.

ನಮಗೂ ಈ ಮರ ಪೂರ್ತಿ ಪರಕೀಯವಲ್ಲ. ರೆಡ್‌ಬಡ್‌ಗೂ ನಮ್ಮ ಬಸವನಪಾದಕ್ಕೂ ಹತ್ತಿರದ ನಂಟು. ದ್ವಿದಳ ಕುಟುಂಬದ ಒಂದೇ ಉಪಕುಟುಂಬದವು. ಒಂದರ ಎಲೆ ಹೃದಯದಂತೆ ಇಡಿಯಾಗಿದೆ, ಇನ್ನೊಂದರದು ನಡುವೆ ಸೀಳಿ ಎತ್ತಿನ ಗೊರಸಿನಂತಾಗಿದೆ. ಕಾಡಿನಲ್ಲಿ ಫೆಬ್ರುವರಿ, ಮಾರ್ಚಿನ ಹೊತ್ತಿಗೆ ಎಲೆಯುದುರಿಸಿ ಹೂ ತುಂಬಿಕೊಳ್ಳುವ, ಬಸವನಪಾದದ ಬಳಗದ ಮಂದಾರವನ್ನು ಕಂಡವರು ರಾಲಿಯ ವಸಂತವನ್ನು ಸುಲಭವಾಗಿ ಕಲ್ಪಿಸಿಕೊಳ್ಳಬಹುದು.

ರೆಡ್‌ಬಡ್‌ಗೆ ಒಂದು ಮಿತಿ ಇದೆ. ಆಯಸ್ಸು ಕಡಿಮೆ. ಕಾಂಡಕ್ಕೆ ಹುಣ್ಣು ರೋಗ ಬರುತ್ತದೆ, ಬೇರಿನಿಂದ ಹತ್ತುವ ಬಾಡುರೋಗ ಕಾಡುತ್ತದೆ. ಎರಡು ಮೂರು ದಶಕಕ್ಕೆ ಮುದಿಯಾಗುವ ಮರಗಳೇ ಹೆಚ್ಚು. ಗೌರವಕ್ಕೆಂದು ನೆಟ್ಟ ಮರ ಗೌರವ ಪಡೆದವರ ಕಣ್ಣೆದುರೇ ಸಾಯಬಹುದು. ಪ್ರಾಯೋಜಕತ್ವದ ವ್ಯವಸ್ಥೆಯನ್ನು ಗಂಭೀರವಾಗಿ ಯೋಚಿಸಬೇಕಾಗಿ ಬರುವುದು ಇಲ್ಲೇ.

ಹಣ ಹೋಗಬೇಕಾದದ್ದು ಎಲ್ಲಿಗೆ

ಸಸಿಯ ಬೆಲೆ ಒಟ್ಟು ಖರ್ಚಿನಲ್ಲಿ ಅತಿ ಸಣ್ಣ ಪಾಲು. ನೆಟ್ಟ ಮೇಲಿನ ಎರಡು ಮೂರು ವರ್ಷ ಬೇರು ಹೊಸ ಮಣ್ಣಿಗೆ ಇಳಿಯುವ ಕಾಲ. ಅಷ್ಟು ದಿನ ನೀರು ತಪ್ಪಬಾರದು. ಕುಂಡದಲ್ಲೇ ಬಹಳ ದಿನ ಕೂತ ಸಸಿಯ ಬೇರು ಸುತ್ತು ಸುತ್ತಾಗಿ ಹೆಣೆದುಕೊಂಡಿರುತ್ತದೆ. ಬಿಡಿಸದೆ ನೆಟ್ಟರೆ ಹತ್ತು ವರ್ಷದ ಮೇಲೆ ಅದೇ ಬೇರು ಬುಡವನ್ನು ಬಿಗಿದು ಕೊಲ್ಲುತ್ತದೆ. ಕಾಂಡ ಬೇರಾಗಿ ಅಗಲವಾಗುವ ಜಾಗ ನೆಲದ ಮಟ್ಟಕ್ಕೇ ಇರಬೇಕು. ಮಣ್ಣು ಏರಿಸಿ ಅದನ್ನು ಹೂತರೆ ತೊಗಟೆ ಕೊಳೆಯುತ್ತದೆ. ಊರುಗೋಲು ಕಟ್ಟಿದ ಹಗ್ಗವನ್ನು ಒಂದು ವರ್ಷಕ್ಕೆ ಬಿಚ್ಚದಿದ್ದರೆ ಅದು ಕಾಂಡದೊಳಕ್ಕೆ ಇಳಿಯುತ್ತದೆ. ಇವೆಲ್ಲ ತಿಳಿದ ಕೈ ಬೇಕು. ಆ ಕೈಗೆ ಸಂಬಳ ಬೇಕು. ಅಮೆರಿಕದ ಅನೇಕ ವೃಕ್ಷೋದ್ಯಾನಗಳು ಒಂದು ಮರದ ಹೆಸರಿಗೆ ಕೇಳುವ ಮೊತ್ತ ಸಸಿಯ ಬೆಲೆಯ ಎಷ್ಟೋ ಪಟ್ಟು ಇರುವುದು ಇದೇ ಕಾರಣಕ್ಕೆ. ಮೂಲಧನವನ್ನು ಮುಟ್ಟದೆ, ಅದರಿಂದ ಬರುವ ಆದಾಯದಲ್ಲಿ ಆರೈಕೆ ನಡೆಸುವ ಪದ್ಧತಿಯೂ ಇದೆ.

ಇದು ನಮಗೆ ಹೊಸ ವಿದ್ಯೆಯೇ? ನಮ್ಮ ವಿಶ್ವವಿದ್ಯಾಲಯಗಳಿಗೆ ದತ್ತಿ ಎಂದರೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ತಾಯಿ ತಂದೆಯ ಹೆಸರಿನಲ್ಲಿ ದತ್ತಿ ಉಪನ್ಯಾಸ, ಗುರುಗಳ ಹೆಸರಿನಲ್ಲಿ ಚಿನ್ನದ ಪದಕ, ನಿವೃತ್ತರ ಹೆಸರಿನಲ್ಲಿ ನಗದು ಬಹುಮಾನ. ಬ್ಯಾಂಕಿನಲ್ಲಿ ಠೇವಣಿ, ಬಡ್ಡಿಯಲ್ಲಿ ವರ್ಷವರ್ಷ ಕೆಲಸ. ಪದಕಕ್ಕೆ ದತ್ತಿ ಇದೆ, ಮಾತಿಗೆ ದತ್ತಿ ಇದೆ, ಮರದ ನೀರಿಗೂ ಒಂದು ದತ್ತಿ ಇರಬಾರದೇಕೆ? ಇನ್ನೂ ಹಿಂದಕ್ಕೆ ಹೋದರೆ, ಕನ್ನಡ ನಾಡಿನ ಶಾಸನಗಳ ತುಂಬ ಇದೇ ವಿವೇಕ. ಕೆರೆ ಕಟ್ಟಿಸಿದವರು ಕಟ್ಟಿಸಿ ಕೈತೊಳೆದುಕೊಳ್ಳಲಿಲ್ಲ. ಏರಿಯ ರಿಪೇರಿಗೆ, ಹೂಳೆತ್ತುವುದಕ್ಕೆ ಎಂದು ಗದ್ದೆ ಬಿಟ್ಟರು. ಬಿತ್ತುವಟ್ಟ, ಕಟ್ಟುಕೊಡಗೆ ಎಂದು ಕಲ್ಲಿನ ಮೇಲೆ ಬರೆಸಿದರು. ದೇವರ ಮಾಲೆಗೆ ಹೂ ತಪ್ಪಬಾರದೆಂದು ಗುಡಿಗೆ ಹೂದೋಟದ ಭೂಮಿ ಕೊಟ್ಟರು. ಇಂದಿನ ಕಲ್ಲಿನಲ್ಲಿ ಉದ್ಘಾಟಕರ ಹೆಸರು, ಅಧ್ಯಕ್ಷತೆ ವಹಿಸಿದವರ ಹೆಸರು, ಗೌರವಾನ್ವಿತ ಉಪಸ್ಥಿತಿಯ ಹತ್ತು ಹೆಸರು ಇರುತ್ತವೆ. ನೀರು ಹಾಕುವುದು ಯಾರ ಪಾಲಿನ ಕೆಲಸ, ಅದರ ಖರ್ಚು ಎಲ್ಲಿಂದ ಎಂಬ ಎರಡು ಸಾಲು ಇರುವುದಿಲ್ಲ. ಆ ಎರಡು ಸಾಲನ್ನು ಹಳೆಯ ಶಾಸನಕಾರರು ಬಿಡುತ್ತಿರಲಿಲ್ಲ.

ದತ್ತಿ ಮರಕ್ಕೆ ಹಣ ಯಾರಿಂದ ಬರಬೇಕು ಎಂಬುದನ್ನೂ ಬಿಡಿಸಿ ಹೇಳಬೇಕು. ಬಿಲ್ಲು ಪಾಸಾಗುವುದನ್ನು ಕಾಯುತ್ತಿರುವ ಗುತ್ತಿಗೆದಾರರಿಂದ ಬೇಡ. ಸಂಬಳದಿಂದ ಕಡಿತ ಮಾಡಿ ಪ್ರತಿ ಸಿಬ್ಬಂದಿಯಿಂದ ವಸೂಲು ಮಾಡುವುದೂ ಬೇಡ. ಕುಲಪತಿಯ ಕಾಲದಲ್ಲಿ ಹಾಸ್ಟೆಲ್ಲಿನ ನೀರು ಸರಿಯಾದದ್ದನ್ನು ನೆನೆಯುವ ಹಳೆಯ ವಿದ್ಯಾರ್ಥಿ ನೂರು ರೂಪಾಯಿ ಕೊಟ್ಟರೆ, ಆ ನೂರು ರೂಪಾಯಿ ಮರದ ಬುಡಕ್ಕೆ ಸಲ್ಲುತ್ತದೆ. ಮೊತ್ತ ಸಾಲದಿದ್ದರೆ ಚಿಕ್ಕ ಮರ ನೆಡೋಣ.

ಕೆಲಸ ಕಳೆದುಕೊಂಡವರ ಓಕ್

ಹೆಸರಿನ ಮರ ಏನು ಮಾಡಬಲ್ಲದು ಎನ್ನುವುದಕ್ಕೆ ನನಗೆ ಗೊತ್ತಿರುವ ಅತಿ ದೊಡ್ಡ ಸಾಕ್ಷಿ ಮಿಷಿಗನ್ ವಿಶ್ವವಿದ್ಯಾಲಯದ್ದು. ಆ್ಯನ್ ಆರ್ಬರ್ ಊರಿನಲ್ಲಿರುವ ಆ ವಿಶ್ವವಿದ್ಯಾಲಯಕ್ಕೆ 1852ರಲ್ಲಿ ಹೆನ್ರಿ ಫಿಲಿಪ್ ಟ್ಯಾಪನ್ ಮೊದಲ ಅಧ್ಯಕ್ಷರಾಗಿ ಬಂದರು. ಪಾಠ ಒಪ್ಪಿಸುವ ಕಾಲೇಜಾಗಿದ್ದುದನ್ನು ಸಂಶೋಧನೆ ಮಾಡುವ ವಿಶ್ವವಿದ್ಯಾಲಯವನ್ನಾಗಿ ಮಾಡಬೇಕೆಂದು ಹೊರಟವರು. ಪ್ರಶ್ಯದ ವಿಶ್ವವಿದ್ಯಾಲಯಗಳು ಅವರ ಮಾದರಿ. ಆಗಿನ ಕ್ಯಾಂಪಸ್ ಬಹುಪಾಲು ಬಯಲು. 1857ರಲ್ಲಿ ಅಲ್ಲಿಗೆ ಇತಿಹಾಸ ಕಲಿಸಲು ಬಂದ ಯುವಕ ಆ್ಯಂಡ್ರೂ ಡಿಕ್ಸನ್ ವೈಟ್, ತಾನು ಓದಿದ ಯೇಲ್‌ನ ಎಲ್ಮ್ ಸಾಲುಗಳನ್ನು ಮರೆಯಲಾರದೆ, ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಮರ ನೆಡತೊಡಗಿದರು. ಈ ವೈಟ್ ಮುಂದೆ ಕಾರ್ನೆಲ್ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷರಾದರು.

1858ರ ಕೊನೆಯ ವರ್ಷದ ವಿದ್ಯಾರ್ಥಿಗಳು ಕ್ಯಾಂಪಸ್ಸಿನ ನಡುವೆ ಮೊದಲಿಂದಲೂ ನಿಂತಿದ್ದ ಒಂದು ಓಕ್ ಮರಕ್ಕೆ ತಮ್ಮ ಅಧ್ಯಕ್ಷರ ಹೆಸರಿಟ್ಟರು. ಸುತ್ತಲೂ ಮೇಪಲ್ ಸಸಿಗಳನ್ನು ಬಳೆಬಳೆಯಾಗಿ ನೆಟ್ಟರು. ಟ್ಯಾಪನ್ ಓಕ್ ಎಂಬ ಹೆಸರು ನಿಂತಿತು. ಐದೇ ವರ್ಷಕ್ಕೆ, 1863ರಲ್ಲಿ, ಆಡಳಿತ ಮಂಡಳಿ ಟ್ಯಾಪನ್ ಅವರನ್ನು ಹುದ್ದೆಯಿಂದ ತೆಗೆದುಹಾಕಿತು. ಅವರು ಕುಟುಂಬದೊಂದಿಗೆ ಯುರೋಪಿಗೆ ಹೊರಟುಹೋದರು. 1881ರಲ್ಲಿ ಸ್ವಿಟ್ಜರ್ಲೆಂಡಿನ ವೆವೆ ಎಂಬಲ್ಲಿ ತೀರಿಕೊಂಡರು. ಬೀಳ್ಕೊಡುಗೆಯೇ ಇಲ್ಲದೆ ಹೋದ ಕುಲಪತಿ. ಅವರನ್ನು ತೆಗೆದವರ ಹೆಸರು ಇತಿಹಾಸದ ಪುಸ್ತಕ ತೆಗೆದವರಿಗೆ ಮಾತ್ರ ಸಿಗುತ್ತದೆ. ಟ್ಯಾಪನ್ ಹೆಸರು ಮಾತ್ರ ಗ್ರಂಥಾಲಯಕ್ಕೆ ಹೋಗುವ ದಾರಿಯಲ್ಲಿ, ನೆರಳಾಗಿ, ತಲೆಮಾರುಗಳ ಮೇಲೆ ಬಿದ್ದಿತು. 2021ರ ನವೆಂಬರ್‌ನಲ್ಲಿ ಬುಡ ಕೊಳೆತು ಅಪಾಯವೆಂದು ಆ ಮರವನ್ನು ಕಡಿದರು. ಹೆಸರಿಟ್ಟ ಮೇಲೆ 163 ವರ್ಷ ಅದು ನಿಂತಿತ್ತು.

ಈ ಕಥೆಯಲ್ಲಿ ನನಗೆ ಮುಖ್ಯವಾದದ್ದು ಎರಡು. ಆ ವಿದ್ಯಾರ್ಥಿಗಳು ಹೆಸರಿಡಲು ಇದ್ದ ಮರವನ್ನೇ ಆರಿಸಿದರು. ನಮ್ಮ ಕ್ಯಾಂಪಸ್ಸುಗಳಲ್ಲೂ ಕಟ್ಟಡ ಏಳುವ ಮೊದಲೇ ಇದ್ದ ಆಲ, ಹುಣಿಸೆ, ಹೊಂಗೆ ಮರಗಳಿವೆ. ರಸ್ತೆ ಅಗಲ ಮಾಡುವಾಗ ಮೊದಲು ಬಲಿಯಾಗುವವು ಅವೇ. ಅಂಥ ಒಂದು ಮರಕ್ಕೆ ಕುಲಪತಿಯ ಹೆಸರಿಟ್ಟು, ಅದರ ಆರೈಕೆಗೆ ದತ್ತಿ ಇಟ್ಟರೆ, ಅದನ್ನು ಉರುಳಿಸಲು ಸಹಿ ಹಾಕುವ ಕೈ ಸ್ವಲ್ಪ ತಡೆಯುತ್ತದೆ. ಎರಡನೆಯದು, ಹೆಸರಿಟ್ಟದ್ದು ಅವರು ಅಧಿಕಾರದಲ್ಲಿ ಇದ್ದಾಗ; ಉಳಿಸಿಕೊಂಡು ಬಂದದ್ದು ಅವರು ಬರಿಗೈಯಲ್ಲಿ ಹೋದ ಮೇಲೆ.

ಮೈಸೂರಿನ ಹೂವು, ಶಾಂತಿನಿಕೇತನದ ಎಲೆ

ನಮ್ಮ ನಾಡಿನಲ್ಲಿ ವಿಶ್ವವಿದ್ಯಾಲಯದ ಬೀಳ್ಕೊಡುಗೆ ಎಂದ ಕೂಡಲೇ ನೆನಪಾಗುವುದು 1921. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದ ಸರ್ವೇಪಲ್ಲಿ ರಾಧಾಕೃಷ್ಣನ್ ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಸಾರೋಟಿನಲ್ಲಿ ಅವರನ್ನು ಕೂರಿಸಿ, ಕುದುರೆಗಳ ಬದಲು ತಾವೇ ಎಳೆದುಕೊಂಡು ರೈಲು ನಿಲ್ದಾಣಕ್ಕೆ ಕರೆದೊಯ್ದರು. ಮೂರೇ ವರ್ಷ ಕಲಿಸಿದ ಮೇಷ್ಟ್ರಿಗೆ ಸಿಕ್ಕ ಆ ಗೌರವದ ಮುಂದೆ ಇವತ್ತಿನ ಯಾವ ಸಮಾರಂಭವೂ ಸಣ್ಣದೇ. ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಕುಕ್ಕರಹಳ್ಳಿ ಕೆರೆಯ ಪಕ್ಕದ ವಿಸ್ತಾರವಾದ ನೆಲದಲ್ಲಿ ಸ್ನಾತಕೋತ್ತರ ಅಧ್ಯಯನಕ್ಕೆ ಪ್ರತ್ಯೇಕ ಕ್ಯಾಂಪಸ್ ಕಂಡು, ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ಅಲ್ಲಿಯ ಮರಗಳ ಕೆಳಗೆ ನಡೆದು ಓದಿದವರಿಗೆ, ಕುಲಪತಿಯೊಬ್ಬರು ಬಿಟ್ಟುಹೋಗಬಹುದಾದದ್ದು ಏನೆಂದು ವಿವರಿಸಬೇಕಿಲ್ಲ.

ಇತ್ತ ಶಾಂತಿನಿಕೇತನದಲ್ಲಿ ಮರ ವಿಶ್ವವಿದ್ಯಾಲಯದ ಆಚರಣೆಯ ಒಳಗೇ ಇದೆ. ಟಾಗೋರರು 1928ರಲ್ಲಿ ಅಲ್ಲಿ ವೃಕ್ಷಾರೋಪಣದ ಹಬ್ಬ ಶುರು ಮಾಡಿದರು. ಸರ್ಕಾರ ವನಮಹೋತ್ಸವವನ್ನು ದೇಶಕ್ಕೆಲ್ಲ ಸಾರಿದ್ದು 1950ರಲ್ಲಿ, ಎಂದರೆ ಇಪ್ಪತ್ತೆರಡು ವರ್ಷದ ಮೇಲೆ. ವಿಶ್ವಭಾರತಿಯ ಘಟಿಕೋತ್ಸವದಲ್ಲಿ ಪದವಿಯ ಜೊತೆ ಸಪ್ತಪರ್ಣಿಯ ಎಲೆಗೊಂಚಲು ಕೊಡುವ ಪದ್ಧತಿ ಬೆಳೆದುಬಂತು. ನಮ್ಮ ಮಲೆನಾಡಿನವರು ಏಳೆಲೆ ಹಾಲೆ ಎನ್ನುವ ಮರವೇ ಅದು. ಟಾಗೋರರ ತಂದೆ ದೇವೇಂದ್ರನಾಥರು ಧ್ಯಾನಕ್ಕೆ ಕೂತದ್ದು ಆ ಮರದಡಿ. ಆಶ್ರಮ ಬೆಳೆದದ್ದು ಅಲ್ಲಿಂದಲೇ.

ಲ್ಯಾಂಡ್ ಗ್ರಾಂಟ್ ಪರಂಪರೆಗೂ ನಮಗೂ ನೇರ ಸಂಬಂಧವಿದೆ. 1964ರಲ್ಲಿ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯ ಆರಂಭವಾದದ್ದು ಅದೇ ಮಾದರಿಯಲ್ಲಿ, ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದ ನೆರವಿನೊಂದಿಗೆ. ಅದರ ಮೊದಲ ಕುಲಪತಿ ಕೆ.ಸಿ. ನಾಯಕ್ ತೋಟಗಾರಿಕೆಯ ವಿಜ್ಞಾನಿ. ದಕ್ಷಿಣ ಭಾರತದ ಹಣ್ಣುಗಳ ಬೇಸಾಯದ ಬಗ್ಗೆ ಅವರು ಬರೆದ ದೊಡ್ಡ ಗ್ರಂಥವನ್ನು ಒಂದು ತಲೆಮಾರು ಓದಿ ಕಲಿಯಿತು. ಗಿಡದ ಬುಡ ಬಿಡಿಸಿ ನೋಡಬಲ್ಲವರೇ ಕುಲಪತಿಯಾದ ಇಂಥ ಸಂಸ್ಥೆಗಳಿಂದ ದತ್ತಿ ಮರದ ರೂಢಿ ಶುರುವಾದರೆ ಅದು ಸಹಜವಾಗಿ ಬೇರೂರುತ್ತದೆ.

ಯಾವ ಊರಿಗೆ ಯಾವ ಮರ

ಮರದ ಆಯ್ಕೆಯನ್ನು ಸ್ವಾಗತ ಸಮಿತಿಗೆ ಬಿಡಬಾರದು. ನರ್ಸರಿಯಲ್ಲಿ ಅಂದು ಸಿಕ್ಕ ಎತ್ತರದ ಸಸಿ ತಂದು ನೆಡುವುದು ನಮ್ಮಲ್ಲಿ ಮಾಮೂಲು. ಬೆಂಗಳೂರಿಗೆ ಒಂದರ ಹಿಂದೆ ಒಂದು ಹೂಬಿಡುವ ಮರಗಳ ಸಾಲು ಕೊಟ್ಟ ಕೃಂಬಿಗಲ್, ಎಂಬತ್ತರ ದಶಕದಲ್ಲಿ ಲಕ್ಷಗಟ್ಟಲೆ ಸಸಿ ನೆಡಿಸಿದ ಅರಣ್ಯಾಧಿಕಾರಿ ನೇಗಿನಹಾಳ, ಇಬ್ಬರೂ ರಸ್ತೆ, ಮಣ್ಣು, ಋತು ನೋಡಿ ಮರ ಆರಿಸಿದವರು. ಆ ಎಚ್ಚರ ಒಂದೇ ಮರಕ್ಕೂ ಬೇಕು.

ಗುಲ್‌ಮೊಹರ್ ಮೇ ತಿಂಗಳಲ್ಲಿ ಕಣ್ಣು ತುಂಬುತ್ತದೆ. ಆದರೆ ಮಡಗಾಸ್ಕರ್‌ನ ಆ ಮರದ ಬೇರು ಮೇಲ್ಮಣ್ಣಿನಲ್ಲೇ ಹರಡುತ್ತದೆ, ಕೊಂಬೆ ಪೆಡಸು. ಮುಂಗಾರಿಗೆ ಮೊದಲಿನ ಗಾಳಿಗೆ ಮುರಿದು ಬೀಳುವ ಮರಗಳಲ್ಲಿ ಅದು ಮುಂದು. ಯಾರದೇ ಹೆಸರನ್ನು ಅದಕ್ಕೆ ಕಟ್ಟಲು ನನಗೆ ಮನಸ್ಸಿಲ್ಲ. ಧಾರವಾಡ, ಕಲಬುರಗಿ, ವಿಜಯಪುರದ ಕಡೆಯ ಕಪ್ಪು ಮಣ್ಣಿಗೆ ಮುತ್ತುಗ ಒಗ್ಗುತ್ತದೆ. ನಿಧಾನವಾಗಿ ಬೆಳೆಯುತ್ತದೆ, ಕಾಂಡ ಡೊಂಕು, ವರ್ಷದ ಬಹುಪಾಲು ಯಾರ ಕಣ್ಣಿಗೂ ಬೀಳುವುದಿಲ್ಲ. ಶಿವರಾತ್ರಿಯ ಆಸುಪಾಸಿನಲ್ಲಿ ಒಂದೇ ಸಲ ಮರವೆಲ್ಲ ಕಿತ್ತಳೆಗೆಂಪು. ಬಿಸಿಲು ನಾಡಿನ ಕುಲಪತಿಗೆ ಇದಕ್ಕಿಂತ ಮರ್ಯಾದೆಯ ಮರ ನನಗೆ ಕಾಣುವುದಿಲ್ಲ. ಮೈಸೂರು, ತುಮಕೂರಿನ ಕೆಂಪು ಮಣ್ಣಿಗೆ ಕಕ್ಕೆ, ಮಂದಾರ. ಶಿವಮೊಗ್ಗ, ಮಂಗಳೂರಿನ ಮಳೆಗೆ ಹೊಳೆದಾಸವಾಳ. ಅದು ನೀರಿನ ಬದಿಯ ಮರ, ಒಣ ಜಾಗದಲ್ಲಿ ನೆಟ್ಟು ಹೂ ಬರಲಿಲ್ಲವೆಂದರೆ ತಪ್ಪು ಅದರದಲ್ಲ. ಅಶೋಕ ನೆಡುವುದಾದರೆ ಗೊಂಚಲು ಗೊಂಚಲಾಗಿ ಕೇಸರಿ ಹೂ ಬಿಡುವ ಸೀತಾ ಅಶೋಕವನ್ನೇ ನೆಡಬೇಕು. ಕಂಬದಂತೆ ನೆಟ್ಟಗೆ ನಿಲ್ಲುವ ಇನ್ನೊಂದು ಮರವನ್ನು ಅದೇ ಹೆಸರಿನಲ್ಲಿ ಮಾರುವುದುಂಟು. ಸೀತಾ ಅಶೋಕಕ್ಕೆ ಎಳೆಯದರಲ್ಲಿ ನೆರಳೂ ತೇವವೂ ಬೇಕು. ಆಡಳಿತ ಭವನದ ಮುಂದಿನ ಕಾಂಕ್ರೀಟಿನ ಅಂಗಳ ಅದಕ್ಕೆ ಸಲ್ಲದು.

ಜಾಗದ ವಿಚಾರ ಇನ್ನೂ ಸೂಕ್ಷ್ಮ. ಹೆಸರಿನ ಮರ ಆಡಳಿತ ಭವನದ ಮುಂದೆಯೇ ಇರಲಿ ಎಂಬ ಆಸೆ ಎಲ್ಲರಿಗೂ. ಆದರೆ ಮುಂದೆ ಪೈಪು, ಕೇಬಲ್ಲು, ಧ್ವಜಸ್ತಂಭ, ಕಾರು ನಿಲ್ಲಿಸುವ ಜಾಗ ಎಲ್ಲವೂ ಅಲ್ಲಿಗೇ ಬರುತ್ತವೆ. ಹಾಸ್ಟೆಲ್ಲಿನಿಂದ ತರಗತಿಗೆ ಹೋಗುವ ಕಾಲುದಾರಿ, ಕ್ಯಾಂಟೀನಿನ ಹಿಂಬದಿ, ಗ್ರಂಥಾಲಯದ ಮೆಟ್ಟಿಲ ಪಕ್ಕ ಒಳ್ಳೆಯವು. ಅಲ್ಲಿ ವಿದ್ಯಾರ್ಥಿಗಳು ಕೂರುತ್ತಾರೆ. ಕೂತವರಿರುವ ಕಡೆ ಒಣಗುತ್ತಿರುವ ಸಸಿಯನ್ನು ಯಾರಾದರೂ ಒಬ್ಬರು ನೋಡುತ್ತಾರೆ.

ನಮ್ಮಲ್ಲಿ ಸಸಿಗಳು ಸಾಯುವುದು ಏಪ್ರಿಲ್, ಮೇ ತಿಂಗಳಲ್ಲಿ. ಪರೀಕ್ಷೆ ಮುಗಿದು ಹಾಸ್ಟೆಲ್ ಖಾಲಿಯಾಗಿರುತ್ತದೆ. ಗುತ್ತಿಗೆಯ ಮಾಲಿಗಳ ಗುತ್ತಿಗೆ ಮಾರ್ಚ್ ಕೊನೆಗೆ ಮುಗಿದು ಹೊಸ ಟೆಂಡರ್ ಆಗುವವರೆಗೆ ಪಾತಿಗೆ ನೀರಿಲ್ಲ. ದತ್ತಿಯ ಪತ್ರದಲ್ಲಿ ಮೊದಲು ಬರೆಯಬೇಕಾದದ್ದು ಆ ಎರಡು ತಿಂಗಳ ನೀರನ್ನು. ಮೊದಲ ಮೂರು ಬೇಸಿಗೆಗೆ ವಾರಕ್ಕೆರಡು ಸಲ ನೀರು, ಪಾತಿಗೆ ತರಗೆಲೆಯ ಹೊದಿಕೆ, ಗೆದ್ದಲು ನೋಡುವುದು, ದನ ಬಾರದಂತೆ ಬೇಲಿ, ಸಸಿ ಸತ್ತರೆ ಅದೇ ಮಳೆಗಾಲದಲ್ಲಿ ಅದೇ ಜಾತಿಯ ಇನ್ನೊಂದು. ಮರ ಮುದಿಯಾಗಿ ಬಿದ್ದರೂ ದತ್ತಿ ಮುಂದುವರಿದು ಅದೇ ಗುಂಡಿಗೆ ಹೊಸ ಸಸಿ ಬರಬೇಕು. ಇಷ್ಟು ಬರೆದುಕೊಂಡರೆ ಆಯಸ್ಸು ಕಡಿಮೆ ಇರುವ ರೆಡ್‌ಬಡ್‌ನಂಥ ಮರವನ್ನೂ ಧೈರ್ಯವಾಗಿ ಆರಿಸಬಹುದು.

ಇನ್ನೊಂದು ಸಲಹೆ ಕಾಲದ ಬಗ್ಗೆ. ಕುಲಪತಿಯ ಅವಧಿ ಮುಗಿಯುವ ದಿನ ಪಂಚಾಂಗ ನೋಡಿ ಬರುವುದಿಲ್ಲ. ಅದು ಜನವರಿಯೂ ಇರಬಹುದು, ಮಾರ್ಚೂ ಇರಬಹುದು. ಆ ದಿನಕ್ಕೇ ಸಸಿ ನೆಟ್ಟರೆ ಅದು ನೇರ ಬೇಸಿಗೆಯ ಬಾಯಿಗೆ ಬೀಳುತ್ತದೆ. ಕೊನೆಯ ವರ್ಷದ ಜೂನ್, ಜುಲೈನಲ್ಲೇ, ಎರಡು ಮಳೆ ಬಿದ್ದ ಮೇಲೆ, ಸಮಾರಂಭವಿಲ್ಲದೆ ನೆಡಲಿ. ಕುಲಪತಿ ಇನ್ನೂ ಅಧಿಕಾರದಲ್ಲಿರುತ್ತಾರೆ. ಸಂಜೆ ನಡೆಯುತ್ತ ಹೋಗಿ ನೋಡಬಹುದು, ನೀರು ಬಿತ್ತೇ ಎಂದು ಕೇಳಬಹುದು. ಬೀಳ್ಕೊಡುಗೆಯ ದಿನ ಚಿಗುರಿದ ಮರದ ಬುಡಕ್ಕೆ ಫಲಕ ಇಟ್ಟರಾಯಿತು. ಫಲಕದಲ್ಲಿ ಮರದ ಕನ್ನಡದ ಹೆಸರು, ನೆಟ್ಟ ವರ್ಷ, ಯಾರ ಗೌರವಾರ್ಥ ಎಂಬುದಿದ್ದರೆ ಸಾಕು. ದಾನಿಗಳ ಪಟ್ಟಿ ಕಚೇರಿಯ ಕಡತದಲ್ಲಿರಲಿ.

ಬರುವ ವರ್ಷ ಅವಧಿ ಮುಗಿಸಲಿರುವ ಕುಲಪತಿಗಳ ಕ್ಯಾಂಪಸ್ಸುಗಳಲ್ಲಿ ಬೀಳ್ಕೊಡುಗೆ ಸಮಿತಿಗಳು ಇನ್ನೂ ರಚನೆಯಾಗಿರಲಿಕ್ಕಿಲ್ಲ. ರಚನೆಯಾದ ದಿನ ಶಾಲಿನ ಅಂಗಡಿಗೆ ಫೋನ್ ಮಾಡುವ ಮೊದಲು, ತೋಟದ ಹಿರಿಯ ಮಾಲಿಯನ್ನು ಕರೆದು ಸಮಿತಿಯಲ್ಲಿ ಕೂರಿಸಿಕೊಳ್ಳಲಿ. ನೀರು ಎಲ್ಲಿ ನಿಲ್ಲುತ್ತದೆ, ಪೈಪು ಎಲ್ಲಿ ಹಾದುಹೋಗಿದೆ, ಯಾವ ಮೂಲೆಗೆ ಮಧ್ಯಾಹ್ನದ ಬಿಸಿಲು ಬೀಳುತ್ತದೆ, ಹೋದ ಸಲ ನೆಟ್ಟ ಸಸಿ ಯಾಕೆ ಸತ್ತಿತು ಎಂಬುದೆಲ್ಲ ಅವರಿಗೆ ಗೊತ್ತು.